ತಾತನ ರೈಫಲ್‌ಗೆ ಪಾಲಿಶ್ ಮಾಡಿಸಲು ಹೋಗಿ

ಮನೆಯಲ್ಲಿ ಹಳೆಯ ಸೈನ್ಯದ ರೈಫಲ್ ಇರುವವರು ಅದನ್ನು ರಿಪೇರಿಗೆ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ.

ನಮ್ಮದು ದಾವಣಗೆರೆ. ತಾತ ಸೈನ್ಯದಲ್ಲಿದ್ದವರು. ಅವರ .303 ರೈಫಲ್ ಲೈಸೆನ್ಸ್ ಸಮೇತ ಅಪ್ಪನಿಗೆ, ಅಪ್ಪನ ನಂತರ ನನಗೆ ಬಂತು. ಇದು ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಸುಲಭವಾಗಿ ಲೈಸೆನ್ಸ್ ಸಿಗದ ನಳಿಕೆಯ ಅಳತೆ. ಆದ್ದರಿಂದ ಕಾಗದಪತ್ರದ ವಿಷಯದಲ್ಲಿ ಅಪ್ಪ ಬಹಳ ಕಟ್ಟುನಿಟ್ಟು. ನಾನೂ ಅಲ್ಲಿ ತಪ್ಪಲಿಲ್ಲ. ತಪ್ಪಿದ್ದು ಅಂದಚಂದದ ಆಸೆಗೆ ಬಿದ್ದು.

ಹಿಡಿಯ ಮುಂದಿನ ಲೋಹದ ಮೇಲೆ, ಬಲಬದಿಗೆ, ಒಂದು ಕಿರೀಟ. ಕೆಳಗೆ ಜಿ.ಆರ್.ಐ., ಇಷಾಪುರ, 1942, ನಂ. 1 ಮಾರ್ಕ್ 3, ಪಕ್ಕದಲ್ಲೊಂದು ನಕ್ಷತ್ರ. ಜಿ.ಆರ್.ಐ. ಅಂದರೆ ದೊರೆ ಹಾಗೂ ಚಕ್ರವರ್ತಿ ಜಾರ್ಜ್. ಬಂಗಾಳದ ಇಷಾಪುರದಲ್ಲಿ ತಯಾರಾದದ್ದಕ್ಕೆ ಅದೇ ಗುರುತು. ನಕ್ಷತ್ರ ಇದ್ದರೆ, ಮೊದಲ ಮಹಾಯುದ್ಧದ ಕಾಲದಲ್ಲಿ ಬೇಗ ತಯಾರಿಸಲೆಂದು ಸರಳಗೊಳಿಸಿದ ಮಾದರಿ. ಬಾಡಿ, ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಬೋಲ್ಟ್, ಮೂತಿಯ ಕಟ್ಟು, ಗುರಿ ನೋಡಲು ಎತ್ತುವ ಹಿಂದಿನ ಗುರಿಪಟ್ಟಿ, ಎಲ್ಲದರ ಮೇಲೂ ಒಂದೇ ನಂಬರು. ನಾಲ್ಕೂ ಹೊಂದುವ ರೈಫಲ್ ಸಿಗುವುದು ಕಷ್ಟ. ನಮ್ಮದು ಹೊಂದುತ್ತಿತ್ತು.

ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೇ ಕೊಟ್ಟೆ. "ಹೊಸಾದ್ರಂಗ ಆಗ್ತತಿ ಸಾರ್, ಬಿಟ್ಟು ಹೋಗ್ರಿ" ಅಂದರು. ಹದಿನೈದು ದಿನ ಬಿಟ್ಟು ಹೋದಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಮರಕ್ಕೆ ಉಪ್ಪುಕಾಗದ ಉಜ್ಜಿ ವಾರ್ನಿಷ್ ಬಳಿದಿದ್ದರು. ಮರಕ್ಕೆ ಅಡ್ಡಲಾಗಿದ್ದ ಸ್ಕ್ರೂ ಕಿತ್ತು ತೂತಿಗೆ ಪುಟ್ಟಿ ತುಂಬಿದ್ದರು. ಅದು ಯಾರೋ ಮಾಡಿದ ತೇಪೆಯಲ್ಲ, ಮರ ಸೀಳದಿರಲೆಂದು ಇಲ್ಲಿನ ಸೈನ್ಯದ ರೈಫಲ್‌ಗಳಿಗೆ ಹಾಕುತ್ತಿದ್ದದ್ದು. ಲೋಹ ಉಜ್ಜಿ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಸಿಕ್ಕಿ ಕಿರೀಟ ಮಸುಕಾಗಿತ್ತು. ಬಾಡಿಯ ನಂಬರಿನಲ್ಲಿ ಕೊನೆಯ ಎರಡು ಅಂಕಿ ಮಾಯ. ಆಗಲೂ ನನಗೆ ಸಂಕಟವಾದದ್ದು ತಾತನ ನೆನಪು ಅಳಿಸಿತಲ್ಲ ಎಂದು ಮಾತ್ರ. ಕಾನೂನು ತಲೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು 2023ರ ವಿಧಾನಸಭಾ ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಲು ಹೋದಾಗ. ಲೈಸೆನ್ಸ್ ಪುಸ್ತಕದ ನಂಬರಿಗೆ ತಾಳೆ ಆಗಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಪ್ರಕಾರ ನಂಬರು ಅಳಿಸುವುದೇ ಅಪರಾಧ. ಅಷ್ಟೇ ಅಲ್ಲ, ಅಳಿಸಿದ ಬಂದೂಕು ಯಾರ ಬಳಿ ಇದೆಯೋ ಅವರೇ ಅಳಿಸಿದ್ದಾರೆ ಎಂದು ಕಾನೂನು ಭಾವಿಸುತ್ತದೆ. ಅಲ್ಲ ಅಂತ ಸಾಬೀತು ಮಾಡಬೇಕಾದವರು ನಾವು. ಬೆವರಿಳಿದು ಹೋಯಿತು. ಗುರಿಪಟ್ಟಿ ಎತ್ತಿದರೆ ಅದರ ಅಡಿಯ ನಂಬರು ಚಕ್ರಕ್ಕೆ ಸಿಗದೆ ಉಳಿದಿತ್ತು. ಅಪ್ಪ ತೆಗೆದಿಟ್ಟಿದ್ದ ಫೋಟೋಗಳಿದ್ದವು. ಅಂಗಡಿಯ ರಸೀದಿ ಇತ್ತು. ಈ ಮೂರೂ ಇಲ್ಲದಿದ್ದರೆ ನಾನು ಇದನ್ನು ಮನೆಯಲ್ಲಿ ಕೂತು ಬರೆಯುತ್ತಿರಲಿಲ್ಲ.

ಇಂಥ ರೈಫಲ್‌ಗೆ ಹೊಳಪು ಬೇಡವೇ ಬೇಡ. ಮರಕ್ಕೆ ಕಾಯಿಸದ ಅಗಸೆ ಎಣ್ಣೆ, ಬಟ್ಟೆಯಲ್ಲಿ ತೆಳ್ಳಗೆ ಒರೆಸಿದರೆ ಸಾಕು. ಸೈನ್ಯದಲ್ಲೂ ಅದನ್ನೇ ಬಳಸುತ್ತಿದ್ದರು. ಲೋಹಕ್ಕೆ ಗನ್ ಎಣ್ಣೆ. ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ, ತೇವ ಹಿಡಿದು ತುಕ್ಕು ಬರುತ್ತದೆ. ರಿಪೇರಿಗೆ ಕೊಡಲೇಬೇಕಾದರೆ ಪ್ರತಿ ಗುರುತು, ಪ್ರತಿ ನಂಬರಿನ ಫೋಟೋ ತೆಗೆದು, ಏನು ಮಾಡಬಾರದು ಎಂದು ರಸೀದಿಯ ಮೇಲೇ ಬರೆಸಿ. ಬಫಿಂಗ್ ಅನ್ನುವ ಮಾತು ಕೇಳಿದರೆ ಕೊಡದೆ ವಾಪಸ್ ತನ್ನಿ.

ನಮ್ಮ ರೈಫಲ್ ಇನ್ನೂ ಠಾಣೆಯಲ್ಲೇ ಇದೆ. ತಿಂಗಳಿಗೊಮ್ಮೆ ಹೋಗಿ ವಿಚಾರಿಸಿ ಬರುತ್ತೇನೆ.