ನಾಯಿಯ ಕಣ್ಣು ಕೆಂಪಾದರೆ ನಾಳೆಗೆ ಬಿಡಬೇಡಿ

ನಿಮ್ಮ ನಾಯಿಯ ಒಂದು ಕಣ್ಣು ಕೆಂಪಾಗಿ, ಕರಿಗುಡ್ಡೆಯ ಮೇಲೆ ಮಂಜು ಮುಸುಕಿದ ಹಾಗೆ ನೀಲಿ ಛಾಯೆ ಕಂಡರೆ ಅವತ್ತೇ ಕರೆದುಕೊಂಡು ಹೋಗಿ ಕಣ್ಣಿನ ಒತ್ತಡ ಅಳೆಸಿ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೂ ಇಷ್ಟಾದರೂ ತಲುಪಲಿ ಅಂತ ಮೊದಲೇ ಹೇಳಿಬಿಟ್ಟೆ. ನಾವು ನಾಲ್ಕು ದಿನ ಕಾದೆವು. ನಮ್ಮ ಕೆಂಚಿಗೆ ಈಗ ಏನೂ ಕಾಣುವುದಿಲ್ಲ.

ಕೆಂಚಿ ಕಾಕರ್ ಸ್ಪ್ಯಾನಿಯಲ್. ಏಳು ವರ್ಷ. ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ತೋಟ. ಬೆಳಿಗ್ಗೆ ಇವರ ಜೀಪು ಸ್ಟಾರ್ಟ್ ಆಗುವ ಮೊದಲೇ ಹತ್ತಿ ಕೂತಿರುತ್ತಿದ್ದಳು. ಆಳುಗಳ ಲೆಕ್ಕ ಬರೆಯುವಾಗ ರೈಟರ ಕಾಲಬುಡದಲ್ಲೇ ಮಲಗುವವಳು. ಇಂಥವಳು ಹೋದ ನವೆಂಬರಿನಲ್ಲಿ, ಅರೇಬಿಕಾ ಹಣ್ಣು ಕೊಯ್ಲು ಶುರುವಾದ ವಾರ, ಒಂದು ಸಂಜೆ ಊಟದ ತಟ್ಟೆಯ ಹತ್ತಿರವೇ ಬರಲಿಲ್ಲ. ಬಲಗಣ್ಣು ಅರ್ಧ ಮುಚ್ಚಿಕೊಂಡಿತ್ತು, ನೀರು ಸುರಿಯುತ್ತಿತ್ತು. ನನ್ನ ತೊಡೆಗೆ ಹಣೆ ಒತ್ತಿಕೊಂಡು ಸುಮ್ಮನೆ ನಿಂತಳು. ಮುದ್ದು ಮಾಡಿಸಿಕೊಳ್ಳಲು ಬಂದಿದ್ದಾಳೆ ಅಂದುಕೊಂಡೆ. ಅದು ನೋವು ಅಂತ ನನಗೆ ಹೊಳೆಯಲೇ ಇಲ್ಲ. ಇವತ್ತಿಗೂ ನನ್ನನ್ನು ಕೊರೆಯುವುದು ಇದೇ.

ತೋಟದ ಮನೆಗಳಲ್ಲಿ ನಾಯಿಯ ಕಣ್ಣು ಕೆಂಪಾಗುವುದು ಹೊಸದಲ್ಲ. ಮುಳ್ಳು ತಾಗಿರುತ್ತದೆ, ಇಂಬಳ ಹತ್ತಿರುತ್ತದೆ, ಎರಡು ದಿನಕ್ಕೆ ಸರಿಹೋಗುತ್ತದೆ. ಅತ್ತೆ ನಂದಿಬಟ್ಟಲು ಹೂವಿನ ರಸ ಬಿಡೋಣ ಅಂದರು. ಮಾವನವರ ಪೊರೆ ಆಪರೇಷನ್ ಆದಾಗ ಉಳಿದಿದ್ದ ಡ್ರಾಪ್ಸ್ ಕೂಡ ಕಪಾಟಿನಲ್ಲಿತ್ತು. ಎರಡನ್ನೂ ನಾವು ಹಾಕಲಿಲ್ಲ. ಅದೊಂದೇ ನಾವು ಮಾಡಿದ ಸರಿಯಾದ ಕೆಲಸ. ಪೊರೆ ಆಪರೇಷನ್ ನಂತರ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ನಾಯಿಯ ಕರಿಗುಡ್ಡೆಯ ಮೇಲೆ ಮುಳ್ಳು ಗೀರಿದ ಗಾಯವಿದ್ದರೆ ಅದು ಮಾಯುವ ಬದಲು ಇನ್ನೂ ಆಳಕ್ಕೆ ಹೋಗಿ ಕಣ್ಣೇ ತೂತಾಗಬಹುದು. ಅದಕ್ಕೇ ಯಾವುದೇ ಡ್ರಾಪ್ಸ್ ಹಾಕುವ ಮೊದಲು ಡಾಕ್ಟರು ಒಂದು ಬಣ್ಣದ ದ್ರವ ಬಿಟ್ಟು ನೋಡುತ್ತಾರೆ. ಗಾಯ ಇದ್ದ ಜಾಗ ಹಸಿರಾಗಿ ಹೊಳೆಯುತ್ತದೆ.

ನಮ್ಮ ಕೆಂಚಿಗೆ ಆ ಪರೀಕ್ಷೆಯೂ ಆಗಲಿಲ್ಲ. ಮಾರನೇ ದಿನ ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆವು. ಟಾರ್ಚ್ ಬಿಟ್ಟು ನೋಡಿದರು, ಇನ್ಫೆಕ್ಷನ್ ಅಂದರು, ಐದು ದಿನದ ಡ್ರಾಪ್ಸ್ ಬರೆದುಕೊಟ್ಟರು. "ಊಟ ಬಿಟ್ಟಿದ್ದಾಳೆ ಡಾಕ್ಟ್ರೇ" ಅಂದೆ. "ಕಣ್ಣು ಉರೀತಿರುತ್ತಲ್ಲಮ್ಮ, ತಿಂತಾಳೆ ಬಿಡಿ" ಅಂದರು. ಟಾರ್ಚಿನ ಬೆಳಕಿಗೆ ಎಡಗಣ್ಣಿನ ಪಾಪೆ ಕುಗ್ಗಿತು, ಬಲಗಣ್ಣಿನದು ಅಗಲವಾಗಿ ಹಾಗೇ ಇತ್ತು. ಅದನ್ನು ನಾನು ಕಣ್ಣಾರೆ ನೋಡಿದೆ. ಅದಕ್ಕೆ ಅರ್ಥವಿದೆ ಅಂತ ಗೊತ್ತಿರಲಿಲ್ಲ.

ನಾಲ್ಕನೇ ದಿನಕ್ಕೆ ಕಣ್ಣು ಬೂದಿ ಬಣ್ಣಕ್ಕೆ ತಿರುಗಿ ಮುಂದಕ್ಕೆ ಉಬ್ಬಿತ್ತು. ಹಾಸನದಲ್ಲಿ ಪಶುವೈದ್ಯಕೀಯ ಓದುತ್ತಿರುವ ನನ್ನ ತಮ್ಮನ ಮಗನಿಗೆ ಫೋಟೋ ಕಳಿಸಿದೆ. ಐದು ನಿಮಿಷಕ್ಕೆ ಫೋನು ಬಂತು. "ಅತ್ತೆ, ಇದು ಇನ್ಫೆಕ್ಷನ್ ಥರ ಇಲ್ಲ, ಪ್ರೆಶರ್ ನೋಡಿದ್ರಾ?" ಎಂದ. ಅವತ್ತೇ ಹೊರಟು, ಬೇಲೂರು, ಹಾಸನ ದಾಟಿ ಬೆಂಗಳೂರು ಮುಟ್ಟಿದೆವು. ದಾರಿಯುದ್ದಕ್ಕೂ ಕೆಂಚಿ ನನ್ನ ಮಡಿಲಿನಿಂದ ತಲೆ ಎತ್ತಲಿಲ್ಲ.

ಅಲ್ಲಿಯ ಕಣ್ಣಿನ ಪಶುವೈದ್ಯರು ಪೆನ್ನಿನಂಥ ಒಂದು ಸಾಧನವನ್ನು ಕಣ್ಣಿಗೆ ಮೆತ್ತಗೆ ತಾಗಿಸಿದರು. ಟೋನೋಮೀಟರ್ ಅಂತ ಅದರ ಹೆಸರು. ಒಂದು ನಿಮಿಷದ ಕೆಲಸ. ನಾಯಿಯ ಕಣ್ಣಿನ ಒತ್ತಡ ಸುಮಾರು 10ರಿಂದ 25ರ ಒಳಗಿರಬೇಕು. ಕೆಂಚಿಯ ಬಲಗಣ್ಣಿನಲ್ಲಿ 54 ಇತ್ತು. ಗ್ಲಾಕೋಮಾ. ಕಣ್ಣಿನೊಳಗೆ ಸದಾ ಒಂದು ದ್ರವ ಊರುತ್ತಿರುತ್ತದಂತೆ, ಊರಿದಷ್ಟೂ ಹರಿದು ಹೋಗುತ್ತಿರುತ್ತದಂತೆ. ಹೋಗುವ ದಾರಿ ಕಟ್ಟಿಕೊಂಡರೆ ತೂಬು ಮುಚ್ಚಿದ ಕೆರೆಯ ಹಾಗೆ ಒಳಗೇ ತುಂಬಿ, ಹಿಂದಿರುವ ನರವನ್ನು ಅಮುಕಿ ಸಾಯಿಸುತ್ತದೆ. ಮನುಷ್ಯರಿಗೆ ಬರುವ ಗ್ಲಾಕೋಮಾ ಹೆಚ್ಚಾಗಿ ನೋವಿಲ್ಲದೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ನಾಯಿಗಳಲ್ಲಿ ಎಷ್ಟೋ ಸಲ ಒಂದೇ ರಾತ್ರಿಯಲ್ಲಿ ಏರಿಬಿಡುತ್ತದೆ. ದೃಷ್ಟಿ ಉಳಿಸಿಕೊಳ್ಳಲು ಸಿಗುವುದು ಗಂಟೆಗಳು, ಹೆಚ್ಚೆಂದರೆ ಒಂದೆರಡು ದಿನ. ನಾವು ಆ ದಿನಗಳಲ್ಲಿ ಇನ್ಫೆಕ್ಷನ್ ಡ್ರಾಪ್ಸ್ ಹಾಕುತ್ತಾ ಕೂತಿದ್ದೆವು.

ಆ ಕಣ್ಣಿಗೆ ದೃಷ್ಟಿ ಇನ್ನು ಬರುವುದಿಲ್ಲ, ಆದರೆ ನೋವು ಇದ್ದೇ ಇರುತ್ತದೆ, ತೆಗೆಸುವುದು ಒಳ್ಳೆಯದು ಅಂದರು. ಕಣ್ಣು ತೆಗೆಸುವುದೆಂದರೆ ನನಗೆ ಎದೆ ಒಡೆದ ಹಾಗಾಯಿತು. ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು. ಈ ಸಂಕಟದಲ್ಲಿರುವವರಿಗೆ ಒಂದು ಮಾತು: ಆಪರೇಷನ್ ಆದ ಮೂರನೇ ದಿನ ಕೆಂಚಿ ಬಾಲ ಅಲ್ಲಾಡಿಸಿ ಅನ್ನ ಕೇಳಿದಳು. ಅಷ್ಟು ದಿನ ಎಂಥ ತಲೆನೋವು ಹೊತ್ತುಕೊಂಡಿದ್ದಳು ಅಂತ ಆಗಲೇ ನಮಗೆ ಅರ್ಥವಾದದ್ದು. ರೆಪ್ಪೆಗಳನ್ನು ಸೇರಿಸಿ ಹೊಲಿದಿರುತ್ತಾರೆ. ಮೊದಲೆರಡು ದಿನ ಬಾತುಕೊಂಡು ನೋಡಲು ಆಗುವುದಿಲ್ಲ. ಅದೇ ಬದಿಯ ಮೂಗಿನಿಂದ ಸ್ವಲ್ಪ ರಕ್ತ ಬೆರೆತ ನೀರು ಬರಬಹುದು, ಕಣ್ಣೀರಿನ ನಾಳ ಮೂಗಿಗೆ ಇಳಿಯುತ್ತದಲ್ಲ, ಅದಕ್ಕೆ. ನಮಗೆ ಯಾರೂ ಮೊದಲೇ ಹೇಳಿರಲಿಲ್ಲ, ನಡುರಾತ್ರಿ ಗಾಬರಿಯಿಂದ ಅತ್ತುಬಿಟ್ಟೆ. ಹೊಲಿಗೆ ಬಿಚ್ಚುವವರೆಗೆ ಹತ್ತು ಹನ್ನೆರಡು ದಿನ ಕತ್ತಿನ ಸುತ್ತ ಆ ಪ್ಲಾಸ್ಟಿಕ್ ಕೋನ್ ತೆಗೆಯಲೇಬಾರದು. ಪಾಪ ಅಂತ ಒಂದು ಗಂಟೆ ಬಿಚ್ಚಿದರೂ ಕಾಲಿನಿಂದ ಕೆರೆದು ಹೊಲಿಗೆ ಕಿತ್ತುಕೊಳ್ಳುತ್ತವೆ.

ಈಗ ಎರಡನೇ ತಪ್ಪು. ಇದು ಮೊದಲನೆಯದಕ್ಕಿಂತ ದೊಡ್ಡದು ಅಂತ ನನಗನ್ನಿಸುತ್ತದೆ, ಏಕೆಂದರೆ ಈ ಹೊತ್ತಿಗೆ ನಮಗೆ ರೋಗದ ಹೆಸರು ಗೊತ್ತಿತ್ತು. ಬೆಂಗಳೂರಿನ ಡಾಕ್ಟರು ಎಡಗಣ್ಣಿಗೂ ಒಂದು ಡ್ರಾಪ್ಸ್ ಬರೆದಿದ್ದರು, ಮೂರು ತಿಂಗಳಿಗೊಮ್ಮೆ ಒತ್ತಡ ನೋಡಿಸಿ ಅಂದಿದ್ದರು. ದೂರವಾಗುತ್ತದೆ ಅಂತ ನಾವು ಆಪರೇಷನ್ನನ್ನು ಹತ್ತಿರದ ಇನ್ನೊಂದು ಕಡೆ ಮಾಡಿಸಿದ್ದೆವು. ಹೊಲಿಗೆ ಬಿಚ್ಚಿಸಲು ಹೋದಾಗ ಅಲ್ಲಿ ಕೇಳಿದೆ, ಎಡಗಣ್ಣಿನ ಡ್ರಾಪ್ಸ್ ಎಷ್ಟು ದಿನ ಹಾಕಬೇಕು ಅಂತ. "ಆ ಕಣ್ಣು ಚೆನ್ನಾಗೇ ಇದೆಯಲ್ಲಮ್ಮ, ಸುಮ್ಮನೆ ಯಾಕೆ ಖರ್ಚು, ನಿಲ್ಲಿಸಿ" ಅಂದರು. ನಿಲ್ಲಿಸಿದೆವು. ಬರೆದುಕೊಟ್ಟವರಿಗೆ ಒಂದು ಫೋನು ಮಾಡಿ ಕೇಳಬೇಕಿತ್ತು. ಫೆಬ್ರುವರಿಯ ತಪಾಸಣೆಗೂ ಹೋಗಲಿಲ್ಲ. ಕಾಫಿ ಒಣಗಿಸುವ ಗಡಿಬಿಡಿ, ಆಳುಗಳಿಲ್ಲ, ಕಣ್ಣು ಚೆನ್ನಾಗಿದೆ ಅಂದಿದ್ದಾರಲ್ಲ ಎಂಬ ಧೈರ್ಯ ಬೇರೆ.

ಕಾಕರ್ ಸ್ಪ್ಯಾನಿಯಲ್, ಬೀಗಲ್, ಬ್ಯಾಸೆಟ್ ಹೌಂಡ್, ಸೈಬೀರಿಯನ್ ಹಸ್ಕಿ, ಚೌ ಚೌ, ಇಂಥ ತಳಿಗಳಿಗೆ ಈ ರೋಗ ಹುಟ್ಟಿನಿಂದಲೇ ಬರುವ ಕಣ್ಣಿನ ರಚನೆಯ ದೋಷದಿಂದ ಬರುತ್ತದೆ. ಅಂದರೆ ದೋಷ ಎರಡೂ ಕಣ್ಣಿನಲ್ಲಿರುತ್ತದೆ. ಒಂದು ಹೋದ ಮೇಲೆ ಇನ್ನೊಂದು ಹೋಗುವುದು ಹೆಚ್ಚಾಗಿ ತಿಂಗಳುಗಳ ಮಾತು. ಚೆನ್ನಾಗಿರುವ ಕಣ್ಣಿಗೆ ಡ್ರಾಪ್ಸ್ ಹಾಕುವುದು ಆ ದಿನವನ್ನು ದೂರ ತಳ್ಳಲು. ಪೂರ್ತಿ ತಪ್ಪಿಸಲು ಆಗದಿದ್ದರೂ ಕೆಂಚಿಗೆ ಇನ್ನಷ್ಟು ಕಾಲ ನಮ್ಮ ಮುಖ ಕಾಣುತ್ತಿತ್ತು.

ಜೂನ್ ತಿಂಗಳಿನಲ್ಲಿ, ಮಳೆ ಹಿಡಿದ ಒಂದು ಬೆಳಿಗ್ಗೆ, ಕೆಂಚಿ ಜಗಲಿಯ ಕಂಬಕ್ಕೆ ಡಿಕ್ಕಿ ಹೊಡೆದಳು. ಹಿಂದೆ ಸರಿದು ಮತ್ತೆ ಅದೇ ಕಂಬಕ್ಕೆ ಹೊಡೆದಳು. ಆಮೇಲೆ ಅಲ್ಲೇ ಕೂತು ನಡುಗತೊಡಗಿದಳು. ಹಿಂದಿನ ರಾತ್ರಿ ಮೆಟ್ಟಿಲು ಇಳಿದು ಬಂದಿದ್ದವಳು. ಈ ಸಲ ಒಂದು ಗಳಿಗೆ ಕಾಯದೆ ಹೊರಟೆವು. ಆಸ್ಪತ್ರೆಯಲ್ಲಿ ಒತ್ತಡ ಇಳಿಸುವ ಮ್ಯಾನಿಟಾಲ್ ಡ್ರಿಪ್ ಹಾಕಿದರು, ಡ್ರಾಪ್ಸ್ ಮೇಲೆ ಡ್ರಾಪ್ಸ್ ಬಿಟ್ಟರು. ಸಂಜೆಯ ಹೊತ್ತಿಗೆ ಒತ್ತಡ ಇಳಿಯಿತು, ದೃಷ್ಟಿ ಮರಳಲಿಲ್ಲ.

ಯಾವ ಡ್ರಾಪ್ಸ್ ಅಂತ ಕೇಳಬೇಡಿ, ಬೇಕೆಂದೇ ಬರೆದಿಲ್ಲ. ಗ್ಲಾಕೋಮಾಗೆ ಕೊಡುವ ಒಂದು ಬಗೆಯ ಡ್ರಾಪ್ಸ್, ಕಣ್ಣಿನ ಮಸೂರ ಜಾರಿ ಮುಂದಕ್ಕೆ ಬಂದಿರುವ ನಾಯಿಗೆ ಹಾಕಿದರೆ ಒತ್ತಡ ಇನ್ನೂ ಏರುತ್ತದೆ. ಗ್ಲಾಕೋಮಾ ಇರುವ ಕಣ್ಣಿಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೂ ಒತ್ತಡ ಏರಬಹುದು. ಅಳತೆ ಮಾಡಿ ನೋಡದೆ ಹೇಳುವ ವಿಷಯ ಅಲ್ಲ ಇದು. ಹೊರಡುವ ಮೊದಲು ಫೋನು ಮಾಡಿ, ನಿಮ್ಮಲ್ಲಿ ಟೋನೋಮೀಟರ್ ಇದೆಯಾ ಅಂತಲೇ ಕೇಳಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೆಂಗಳೂರಿನ ಹೆಬ್ಬಾಳದಲ್ಲಿದೆ, ಶಿವಮೊಗ್ಗದಲ್ಲೂ ಇದೆ. ಎಲ್ಲಿಗೇ ಆಗಲಿ, ಕೇಳಿಕೊಂಡು ಹೋದರೆ ಅರ್ಧ ದಿನ ಉಳಿಯುತ್ತದೆ. ಕತ್ತಿಗೆ ಪಟ್ಟಿ ಹಾಕಿ ಎಳೆದರೆ ಕಣ್ಣಿನ ಒತ್ತಡ ಏರುತ್ತದಾದ್ದರಿಂದ ಎದೆಗೆ ಕಟ್ಟುವ ಹಾರ್ನೆಸ್ ತೆಗೆದುಕೊಳ್ಳಿ.

ಕುರುಡಾದ ಮೊದಲ ವಾರ ಕೆಂಚಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಮಲಗಿದ್ದಾಗ ಮುಟ್ಟಲು ಹೋದ ರೈಟರಿಗೇ ಬಾಯಿ ಹಾಕಿದಳು. ಈಗ ಎಲ್ಲರೂ ಹೆಸರು ಕರೆದು ಆಮೇಲೆ ಮುಟ್ಟುತ್ತೇವೆ. ಮಗಳು ಮದುವೆ ಮನೆಗೆ ಮಾತ್ರ ಹಾಕುತ್ತಿದ್ದ ಕಾಲ್ಗೆಜ್ಜೆಯನ್ನು ದಿನವೂ ಹಾಕಿಕೊಳ್ಳುತ್ತಾಳೆ, ಕೆಂಚಿ ಆ ಸದ್ದಿನ ಹಿಂದೆ ಅಡುಗೆಮನೆಯಿಂದ ಅಂಗಳದವರೆಗೆ ನಡೆಯುತ್ತಾಳೆ. ಮೆಟ್ಟಿಲ ತಲೆಯಲ್ಲಿ ನಾರಿನ ಮ್ಯಾಟ್ ಹಾಕಿದ್ದೇವೆ, ಕಾಲಿಗೆ ಚುಚ್ಚಿದರೆ ನಿಲ್ಲಬೇಕು ಅಂತ ಅವಳಿಗೆ ನಾಲ್ಕೇ ದಿನಕ್ಕೆ ಗೊತ್ತಾಯಿತು. ಮಂಚ, ಕುರ್ಚಿ ಯಾವುದನ್ನೂ ಸರಿಸುವುದಿಲ್ಲ. ನೀರಿನ ಬಟ್ಟಲಿನ ಜಾಗ ಒಂದು ಗೇಣೂ ಬದಲಾಗಿಲ್ಲ. ತೋಟದ ನೀರಿನ ತೊಟ್ಟಿಗೆ ಬೇಲಿ ಹಾಕಿಸಿದೆವು. ನಮ್ಮ ಕಡೆ ಚಿರತೆ ಬರುವುದರಿಂದ ಕತ್ತಲಾದ ಮೇಲೆ ಜಗಲಿಯಲ್ಲೂ ಬಿಡುವುದಿಲ್ಲ. ಹೋದ ವಾರ ಇವರ ಜೀಪಿನ ಸದ್ದಿಗೆ ತಾನೇ ಮೆಟ್ಟಿಲು ಇಳಿದು ಹೋಗಿ ಬಾಗಿಲ ಹತ್ತಿರ ನಿಂತಳು. ಇವರು ಎತ್ತಿ ಸೀಟಿನ ಮೇಲೆ ಕೂರಿಸಿಕೊಂಡರು. ಅವತ್ತು ತೋಟದಿಂದ ಬರುವಾಗ ಇಬ್ಬರೂ ತಡಮಾಡಿದರು.

ಎಡಗಣ್ಣಿಗೆ ದಿನಕ್ಕೆ ಮೂರು ಸಲ ಡ್ರಾಪ್ಸ್ ನಡೆಯುತ್ತಿದೆ. ನೋವು ಹಿಡಿತಕ್ಕೆ ಬರದಿದ್ದರೆ ಅದನ್ನೂ ತೆಗೆಯಬೇಕಾಗುತ್ತದೆ ಅಂದಿದ್ದಾರೆ. ಮುಂದಿನ ತಪಾಸಣೆ ಬರುವ 18ಕ್ಕೆ. ಕೇಳಬೇಕಾದ ಪ್ರಶ್ನೆಗಳನ್ನು ಈ ಸಲ ಬರೆದಿಟ್ಟುಕೊಂಡಿದ್ದೇನೆ, ಉತ್ತರವನ್ನೂ ಅವರ ಕೈಯಲ್ಲೇ ಅದೇ ಹಾಳೆಯಲ್ಲಿ ಬರೆಸಿಕೊಂಡು ಬರುತ್ತೇನೆ.