‘ಟ್ರಾನ್ಸ್‌ಫಾರ್ಮರ್ ಇದೆ’ ಎಂದ ಮಾತ್ರಕ್ಕೆ ಅಮೆರಿಕದ ಹ್ಯಾಮಂಡ್ ಕೊಳ್ಳಬೇಡಿ

ಹಳೆಯ ಹ್ಯಾಮಂಡ್ ಆರ್ಗನ್ (ಕರೆಂಟಿನಿಂದ ನುಡಿಯುವ ದೊಡ್ಡ ಕೀಬೋರ್ಡ್ ವಾದ್ಯ) ಮೇಲೆ ಆಸೆ ಇಟ್ಟುಕೊಂಡವರು, ಅದರಲ್ಲೂ ಅಮೆರಿಕದಿಂದ ಇಂಗ್ಲೆಂಡಿಗೋ ಬೆಂಗಳೂರಿಗೋ ತರಿಸಬೇಕೆಂದಿರುವವರು, ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿ. ನಾನು ಓದದೆ ಕೊಟ್ಟೆ. 1,800 ಪೌಂಡ್.

ನಾನಿರುವುದು ಇಂಗ್ಲೆಂಡಿನ ಲಿಂಕನ್‌ಶೈರ್‌ನ ಒಂದು ಪುಟ್ಟ ಊರಲ್ಲಿ. ಇಲ್ಲಿ ಎಲೆಕ್ಟ್ರಾನಿಕ್ ಆರ್ಗನ್ ಪ್ರಿಯರದ್ದೇ ಒಂದು ಕ್ಲಬ್ ಇದೆ. ತಿಂಗಳಿಗೊಂದು ಸಂಜೆ ಊರಿನ ಹಾಲ್‌ನಲ್ಲಿ ಸೇರುತ್ತಾರೆ. ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ. ಒಬ್ಬರು ನುಡಿಸುತ್ತಾರೆ, ಮಧ್ಯೆ ಟೀ ಬಿಸ್ಕತ್ತು, ಕೊನೆಗೆ ಚೀಟಿ ಎತ್ತಿ ಒಂದು ಡಬ್ಬಿ ಚಾಕೊಲೇಟ್ ಬಹುಮಾನ. ನಮ್ಮಪ್ಪ ನಾಟಕಗಳಿಗೆ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು. ಕೈಗೂ ಕಾಲಿಗೂ ಕೆಲಸ ಕೊಡುವ ವಾದ್ಯ ಕಂಡರೆ ನನಗೆ ಅಲ್ಲಿಂದಲೇ ಹುಚ್ಚು.

ಕ್ಲಬ್ಬಿನವರು ಮೊದಲೇ ಹೇಳಿದ್ದರು, ಎಪ್ಪತ್ತರ ದಶಕದ ಮನೆ ಆರ್ಗನ್‌ಗಳಿಗೆ ಒಂದು ಪೆನ್ನಿಯೂ ಕೊಡಬೇಡ, ಒಯ್ದರೆ ಸಾಕು ಎಂದು ಜನ ಪುಕ್ಕಟೆ ಕೊಡುತ್ತಾರೆ ಅಂತ. ಅದು ನಿಜ. ಆದರೆ ಹಳೆಯ ಹ್ಯಾಮಂಡ್‌ನ ಲೆಕ್ಕ ಬೇರೆ. ಅದಕ್ಕೆ ಇವತ್ತಿಗೂ ಬೆಲೆ ಇದೆ. ಎರಡು ಗಂಟೆ ಕಾರಿನ ದೂರದಲ್ಲಿ ಒಬ್ಬರು ಹ್ಯಾಮಂಡ್‌ನ ಸಿ-3 ಮಾದರಿ ಮಾರುತ್ತಿದ್ದಾರೆ ಎಂದು ತಿಳಿದದ್ದೇ ತಡ, ಯಾರಿಗೂ ಹೇಳದೆ ಓಡಿದೆ.

ಮಾರುವವರು ತಾವೇ ಕೂತು ನಿಧಾನದ ಒಂದು ಹಾಡು ನುಡಿಸಿ ತೋರಿಸಿದರು. ಗಂಭೀರವಾದ ನಾದ. ಎದೆ ನಡುಗುವಂಥ ಕೆಳಸ್ವರ. ‘ಅಮೆರಿಕದಿಂದ ಬಂದದ್ದು, ಅಲ್ಲಿ ವೋಲ್ಟೇಜ್ ಕಡಿಮೆ ಅಲ್ವಾ, ಅದಕ್ಕೇ ಟ್ರಾನ್ಸ್‌ಫಾರ್ಮರ್ ಇದೆ, ಜೊತೆಗೇ ಕೊಡುತ್ತೇನೆ’ ಎಂದರು. ಎಷ್ಟು ಒಳ್ಳೆಯವರು ಅಂದುಕೊಂಡೆ! ಪೆಡಲ್, ಬೆಂಚು ಸೇರಿ ಸುಮಾರು 190 ಕಿಲೋ. ನಾಲ್ಕು ಜನ ಹೊತ್ತು ವ್ಯಾನಿಗೆ ಹಾಕಿದರು.

ವ್ಯಾನ್ ನೇರ ಹಾಲ್‌ಗೇ ಬಂತು, ಅವತ್ತು ಕ್ಲಬ್ಬಿನ ಸಂಜೆ. ಒಬ್ಬರು ಯಮಹಾ ಕಂಪನಿಯ ಎಲೆಕ್ಟ್ರಾನಿಕ್ ಆರ್ಗನ್ ಇಲೆಕ್ಟೋನ್‌ನಲ್ಲಿ ಕೂತರು, ನಾನು ಹ್ಯಾಮಂಡ್‌ನಲ್ಲಿ. ಇಬ್ಬರೂ ಒಂದೇ ಸಿ ಮನೆ ಒತ್ತಿದೆವು. ಮದುವೆ ಮನೆಯಲ್ಲಿ ಎರಡು ವಾಲಗ ಎದುರುಬದುರು ಊದಿದ ಹಾಗಾಯಿತು. ಅವರು ತಮ್ಮದನ್ನು ಮೂರು ಮನೆ ಇಳಿಸಿ ನೋಡಿದರು. ಹತ್ತಿರ ಬಂತು, ಕೂಡಲಿಲ್ಲ. ನಾನು ಬೆವರುತ್ತಿದ್ದೆ.

ಆಗ ಹಿಂದಿನ ಸಾಲಿನಿಂದ ನಿವೃತ್ತ ಎಲೆಕ್ಟ್ರಿಷಿಯನ್ ಒಬ್ಬರು ಟೀ ಕಪ್ ಕೆಳಗಿಟ್ಟು ಎದ್ದರು. ಆರ್ಗನ್ ಆಫ್ ಮಾಡಿಸಿ, ಹಿಂದಿನ ಹಲಗೆ ಬಿಚ್ಚಿಸಿ, ಟಾರ್ಚ್ ಬಿಟ್ಟು ಮೋಟಾರಿನ ಮೇಲಿನ ಪುಟ್ಟ ತಗಡನ್ನು ಬೆರಳಿಂದ ಒರೆಸಿದರು. ಎಣ್ಣೆ ಜಿಡ್ಡಿನ ಕೆಳಗೆ ‘60’ ಎಂದಿತ್ತು. ‘ಅಯ್ಯೋ ಪಾಪ’ ಎನ್ನುವ ಮುಖ ಮಾಡಿ ನನ್ನ ಹೆಗಲು ತಟ್ಟಿದರು.

ವಿಷಯ ಇಷ್ಟೇ. ಹ್ಯಾಮಂಡ್‌ನೊಳಗೆ ಅಂಚು ಕೊರೆದ ಸಣ್ಣ ಉಕ್ಕಿನ ಚಕ್ರಗಳು ಅಯಸ್ಕಾಂತದ ಮುಂದೆ ತಿರುಗುತ್ತವೆ. ಸದ್ದು ಹುಟ್ಟಿಸುವವು 91. ಎಲ್ಲವನ್ನೂ ತಿರುಗಿಸುವುದು ಒಂದೇ ಮೋಟಾರ್. ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಆರ್ಗನ್ ಮಾರಾಟಕ್ಕೆ ತರುವ ಮೊದಲು ವಿದ್ಯುತ್ ಗಡಿಯಾರ ಮಾಡುತ್ತಿದ್ದವರು. ಗಡಿಯಾರದ ಮೋಟಾರಿನಂತೆ ಇದೂ ಕರೆಂಟಿನ ಹರ್ಟ್ಸ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಓಲಾಡುತ್ತದೆ ಎಂಬ ಲೆಕ್ಕ) ಹೇಳಿದಷ್ಟೇ ವೇಗದಲ್ಲಿ ತಿರುಗುತ್ತದೆ. ಅಮೆರಿಕದಲ್ಲಿ 60 ಹರ್ಟ್ಸ್, ಇಂಗ್ಲೆಂಡಿನಲ್ಲೂ ನಮ್ಮ ದೇಶದಲ್ಲೂ 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸ್ ಮುಟ್ಟುವುದಿಲ್ಲ. ಮೋಟಾರ್ ಆರನೇ ಒಂದು ಭಾಗ ನಿಧಾನವಾಗುತ್ತದೆ. ಸೆಕೆಂಡಿಗೆ 440 ಕಂಪನದಲ್ಲಿ ಬರಬೇಕಾದ ಎ ಸ್ವರ ಸುಮಾರು 367ರಲ್ಲಿ ಬರುತ್ತದೆ. ಮೂರು ಮನೆಗಿಂತ ತುಸು ಹೆಚ್ಚೇ ಕೆಳಗೆ. ಸರಿ ಮಾಡೋಣ ಎಂದರೆ ಶ್ರುತಿಯ ತಿರುಪೇ ಇಲ್ಲ. ನಾನು ಮೆಚ್ಚಿದ ಆ ಗಂಭೀರ ನಾದ ಇದೇ!

ಮಾರಿದವರಿಗೆ ಫೋನ್ ಮಾಡಿದೆ. ‘ನೀವೇ ಕೇಳಿ, ಒಪ್ಪಿ ಒಯ್ದಿರಿ’ ಎಂದು ಇಟ್ಟುಬಿಟ್ಟರು. ಅವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿತ್ತು ಎಂದೇ ನನ್ನ ಅನುಮಾನ. ಇಲ್ಲದಿದ್ದರೆ ಒಬ್ಬರೇ ನುಡಿಸಿ ತೋರಿಸುವ ಅವಸರ ಯಾಕೆ? 60 ಹರ್ಟ್ಸ್ ಹುಟ್ಟಿಸಿ ಕೊಡುವ ಪೆಟ್ಟಿಗೆ ಸಿಗುತ್ತದೆ, ಆದರೆ ಅದಕ್ಕೆ ಬೇರೆ ದುಡ್ಡು.

ನೋಡಲು ಹೋಗುವವರು ಫೋನಿನಲ್ಲಿ ಟ್ಯೂನರ್ (ಶ್ರುತಿ ಅಳೆದು ತೋರಿಸುವ ಆ್ಯಪ್) ಹಾಕಿಕೊಂಡು ಹೋಗಿ. ಎ ಮನೆ ಒತ್ತಿ 440 ತೋರಿಸುತ್ತದಾ ನೋಡಿ, ಅರ್ಧ ನಿಮಿಷದ ಕೆಲಸ. ಹಿಂದಿನ ಹಲಗೆ ಬಿಚ್ಚಲು ಮಾರುವವರು ಒಪ್ಪದಿದ್ದರೆ ಸುಮ್ನೆ ವಾಪಸ್ ಬನ್ನಿ. ಮೋಟಾರ್ ತಿರುಗಲು ಒದ್ದಾಡಿದರೆ ಮನೆಯಲ್ಲಿರುವ ಯಾವುದೋ ಎಣ್ಣೆ ಸುರಿಯಬೇಡಿ, ಅದಕ್ಕೆಂದೇ ಬೇರೆ ಎಣ್ಣೆ ಬರುತ್ತದೆ.

ಕಳೆದ ವಾರ ಬೆಂಗಳೂರಿನ ಗೆಳೆಯನ ಫೋನ್. ಅವನ ಭಾವ ನ್ಯೂಜೆರ್ಸಿಯಿಂದ ಸಾಮಾನು ಸಮೇತ ವಾಪಸ್ ಬರುತ್ತಿದ್ದಾರೆ, ಕಂಟೇನರ್‌ನಲ್ಲಿ ಒಂದು ಹ್ಯಾಮಂಡ್ ಕೂಡ ಇದೆಯಂತೆ. ‘ಹೆದರಬೇಡ ಕಣೋ, ಟ್ರಾನ್ಸ್‌ಫಾರ್ಮರ್ ತಗೊಂಡಿದ್ದಾರೆ’ ಎಂದ. ಮೋಟಾರಿನ ತಗಡಿನ ಫೋಟೋ ಕಳಿಸಲು ಹೇಳು ಎಂದೆ. ರಾತ್ರಿ ಬಂತು. ಅದರಲ್ಲೂ 60.