ಲೈವ್ ಕ್ಲಾಸಾ, ಯೂಟ್ಯೂಬಾ, ವಾಟ್ಸ್‌ಆ್ಯಪಾ? ಕೊಡಗಿನಲ್ಲಿ ಪಾಠ ಮಾಡಿ ನೋಡಿದ ಮೇಲೆ

ನಾಪೋಕ್ಲು ಹತ್ತಿರದ ನಮ್ಮ ಮನೆಯಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಶುರುವಾದ ಕೆಲಸ ಈಗ ನನ್ನ ವೃತ್ತಿಯೇ ಆಗಿದೆ. ಈ ಕಡೆ ಬರಬೇಕು ಅಂದುಕೊಂಡ ಟೀಚರ್‌ಗಳು ನನ್ನನ್ನು ಕೇಳುವುದು ಒಂದೇ: ಯಾವುದರಲ್ಲಿ ಪಾಠ ಮಾಡಿದರೆ ಒಳ್ಳೆಯದು? ನಾನು ನೋಡುವುದೂ ಒಂದನ್ನೇ. ಪಾಠ ಕೇಳಿದ ಮಗು ನನಗೆ ಏನನ್ನು ವಾಪಸ್ ಕಳಿಸುತ್ತದೆ?

ಲೈವ್ ಕ್ಲಾಸಿಗೆ ಜೂಮೋ ಗೂಗಲ್ ಮೀಟೋ ಅನ್ನುವ ಜಗಳ ಬೇಗ ಮುಗಿಸಿಬಿಡುತ್ತೇನೆ. ದುಡ್ಡು ಕೊಡದೆ ಬಳಸಿದರೆ ಜೂಮ್‌ನಲ್ಲಿ 40 ನಿಮಿಷ, ಮೀಟ್‌ನಲ್ಲಿ 60 ನಿಮಿಷ. ಎರಡರಲ್ಲೂ 100 ಜನ ಸೇರಬಹುದು. ನನ್ನ ಓಟು ಜೂಮ್‌ಗೆ. ಅದರಲ್ಲಿ ಮಕ್ಕಳನ್ನು ಬೇರೆ ಬೇರೆ ಕೋಣೆಗೆ ಕಳಿಸಬಹುದು. ಮೂರು ನಾಲ್ಕು ಮಕ್ಕಳು ಒಂದೇ ಲೆಕ್ಕಕ್ಕೆ ಕೂತು ವಾದ ಮಾಡುವುದನ್ನು ಕೇಳಿದರೆ ಯಾರಿಗೆ ಎಲ್ಲಿ ಗೊತ್ತಿಲ್ಲ ಅನ್ನುವುದು ತಾನಾಗಿ ಕಾಣುತ್ತದೆ. ಅದಕ್ಕೆ 40 ನಿಮಿಷ ಸಾಕು.

ಆದರೆ ಲೈವ್ ಕ್ಲಾಸನ್ನೇ ನಂಬಿಕೊಂಡು ಕೊಡಗಿನಲ್ಲಿ ವರ್ಷವಿಡೀ ಪಾಠ ಮಾಡಲು ಆಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆ ಗೊತ್ತಲ್ವಾ? ಮರ ಬಿದ್ದು ಲೈನ್ ಕಡಿದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವವರಿಲ್ಲ. ಅದರ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ. ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳದ್ದು ಇನ್ನೊಂದು ಕಷ್ಟ. ಮನೆಗೆ ಇರುವುದು ಒಂದೇ ಫೋನ್, ಅದು ಅಪ್ಪನ ಜೊತೆ ತೋಟಕ್ಕೆ ಹೋಗಿರುತ್ತದೆ. ನಾನು ಸಂಜೆ ಐದಕ್ಕೆ ಕ್ಲಾಸ್ ಇಟ್ಟರೆ ಆ ಮಗು ಇಲ್ಲವೇ ಇಲ್ಲ.

ಬಂದವರಾದರೂ ಪೂರ್ತಿ ಬಂದಿರುತ್ತಾರಾ? ಹೊರಗಿನ ದೊಡ್ಡ ಕೋಚಿಂಗ್ ಕಂಪನಿಯೊಂದಕ್ಕೆ ಸ್ವಲ್ಪ ಕಾಲ ಪಾಠ ಮಾಡಿದೆ. ನೂರಾರು ಮಕ್ಕಳು, ಎಲ್ಲರ ಕ್ಯಾಮೆರಾ ಆಫ್. "ಅರ್ಥ ಆಯ್ತಾ?" ಅಂದ ಕೂಡಲೇ ಚಾಟ್ ತುಂಬ "ಯೆಸ್ ಮಿಸ್". ಎಷ್ಟು "ಯೆಸ್" ಬಂತು ಅಂತ ಕಂಪನಿಯವರು ಎಣಿಸುತ್ತಿದ್ದರು. ಲೆಕ್ಕ ಮಾಡಿದವರು ಎಷ್ಟು ಅಂತ ಯಾರೂ ಕೇಳಲಿಲ್ಲ. ಸಂಬಳ ಚೆನ್ನಾಗಿತ್ತು, ಆದರೂ ಬಿಟ್ಟೆ. ಯಾವ ಮಗುವಿಗೆ ಏನು ಬರುತ್ತದೆ ಅಂತ ಗೊತ್ತಿಲ್ಲದೆ ಪಾಠ ಮಾಡುವುದು ನನಗೆ ಆಗುವುದಿಲ್ಲ.

ಯೂಟ್ಯೂಬ್ ವಿಡಿಯೊ ಬೇಕಾದಾಗ ನೋಡಬಹುದು, ನಿಲ್ಲಿಸಿ ಹಿಂದಕ್ಕೆ ಹೋಗಬಹುದು. ರಚನೆಯ ಲೆಕ್ಕಗಳಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಕಂಪಾಸ್ ಎಲ್ಲಿ ಇಡಬೇಕು ಅನ್ನುವುದನ್ನು ಕಣ್ಣಲ್ಲೇ ನೋಡಬೇಕು. ನೆಟ್ ನಿಧಾನ ಇರುವ ಕಡೆ ಚಿತ್ರ ಮಸುಕಾಗುತ್ತದೆ, ಹಾಗಾಗಿ ದಪ್ಪ ಪೆನ್ನಿನಲ್ಲಿ ದೊಡ್ಡದಾಗಿ ಬರೆಯಿರಿ. 2020ರಲ್ಲಿ ಚಂದನ ವಾಹಿನಿಯಲ್ಲಿ ಬಂದ ಸಂವೇದ ಪಾಠಗಳಂತೆಯೇ ಇದು ಕೂಡ: ಪಾಠ ಮಗುವನ್ನು ತಲುಪುತ್ತದೆ, ಮಗುವಿನಿಂದ ಏನೂ ವಾಪಸ್ ಬರುವುದಿಲ್ಲ.

ಪ್ರಶ್ನೆ ಕೊಟ್ಟು ಉತ್ತರ ತುಂಬಿಸಿಕೊಳ್ಳುವ ಗೂಗಲ್ ಫಾರ್ಮ್‌ನಲ್ಲಿ ವಾಪಸ್ ಬರುತ್ತದೆ, ಅರ್ಧ ಮಾತ್ರ. 2021ರ ಜುಲೈನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೀ ಬಹುಆಯ್ಕೆ ಪ್ರಶ್ನೆಗಳಲ್ಲಿ ಎರಡೇ ದಿನ ನಡೆಯಿತು. ಅಂಥ ಪರೀಕ್ಷೆಗೆ ಫಾರ್ಮ್ ಸರಿಹೋಗುತ್ತದೆ. ಉತ್ತರ ತಪ್ಪು ಅಂತ ಅದು ಹೇಳುತ್ತದೆ, ಯಾವ ಹೆಜ್ಜೆಯಲ್ಲಿ ತಪ್ಪಿತು ಅಂತ ಹೇಳುವುದಿಲ್ಲ.

ಅದನ್ನು ತೋರಿಸಿಕೊಟ್ಟದ್ದು ವಾಟ್ಸ್‌ಆ್ಯಪ್. ಒಂದು ಪುಟದ ಫೋಟೊ, ಅದರ ಜೊತೆ ಮೂರು ನಿಮಿಷದ ವಾಯ್ಸ್ ಮೆಸೇಜ್, ಕೊನೆಗೆ ಒಂದೇ ಒಂದು ಲೆಕ್ಕ. ನೆಟ್ ಒಂದು ಗಳಿಗೆ ಸಿಕ್ಕರೂ ಇಳಿಯುತ್ತದೆ. ಅಪ್ಪ ತೋಟದಿಂದ ಬಂದ ಮೇಲೆ ಮಗು ಲೆಕ್ಕ ಮಾಡಿ ನೋಟ್‌ಬುಕ್ಕಿನ ಫೋಟೊ ಕಳಿಸುತ್ತದೆ. ಒಬ್ಬ ಹುಡುಗಿಯ ವರ್ಗ ಸಮೀಕರಣದ ಉತ್ತರ ಯಾವಾಗಲೂ ಮೈನಸ್ 2, ಮೈನಸ್ 3 ಅಂತ ಬರುತ್ತಿತ್ತು. ಬರಬೇಕಾದದ್ದು 2, 3. ಫೋಟೊ ದೊಡ್ಡದು ಮಾಡಿ ನೋಡಿದೆ. ಬಿ, ಅಂದರೆ ಎಕ್ಸ್ ಮುಂದಿನ ಸಂಖ್ಯೆ, ಅದರ ಬೆಲೆ ಮೈನಸ್ 5 ಅಂತ ಸರಿಯಾಗಿಯೇ ಬರೆದಿದ್ದಾಳೆ. ಸೂತ್ರದಲ್ಲಿರುವ 'ಮೈನಸ್ ಬಿ' ಜಾಗಕ್ಕೂ ಅದೇ ಮೈನಸ್ 5 ಇಟ್ಟಿದ್ದಾಳೆ. ಉಳಿದದ್ದೆಲ್ಲ ಸರಿ. ಅವಳ ಹೆಸರು ಹಿಡಿದು ಒಂದು ಪುಟ್ಟ ವಾಯ್ಸ್ ಮೆಸೇಜ್ ಹಾಕಿದೆ: "ಮೈನಸ್ ಮುಂದೆ ಇನ್ನೊಂದು ಮೈನಸ್ ಬಂದರೆ ಏನಮ್ಮಾ?" ರಾತ್ರಿಯೇ ತಿದ್ದಿದ ಪುಟ ಬಂತು, ಕೇಳದೇ ಇದ್ದ ಇನ್ನೊಂದು ಲೆಕ್ಕದ ಜೊತೆ. ಕ್ಲಾಸಿನಲ್ಲಿ ಅವಳು ಬಾಯಿ ಬಿಟ್ಟದ್ದನ್ನೇ ನಾನು ಕೇಳಿರಲಿಲ್ಲ.

ಇದರಲ್ಲಿ ಕಷ್ಟ ಜಾಸ್ತಿ. ಸಂಜೆ ಪೂರ್ತಿ ಫೋಟೊ ನೋಡುವುದರಲ್ಲೇ ಹೋಗುತ್ತದೆ, ಕಣ್ಣು ಉರಿಯುತ್ತದೆ. ಬ್ಯಾಚಿಗೆ 15 ಮಕ್ಕಳು ದಾಟಿದರೆ ನಿಭಾಯಿಸುವುದು ಕಷ್ಟ, ಹಾಗಾಗಿ ಆದಾಯವೂ ಅಷ್ಟಕ್ಕಷ್ಟೇ. "ಕ್ಲಾಸೇ ಇಲ್ವಲ್ಲ ಮಿಸ್, ಸುಮ್ನೆ ಮೆಸೇಜಿಗೆ ಫೀಸಾ?" ಅಂತ ಕೇಳುವ ಪೋಷಕರಿದ್ದಾರೆ. ಅವರಿಗೆ ಮಗು ಮೊದಲು ಕಳಿಸಿದ ಪುಟವನ್ನೂ ಈಗಿನ ಪುಟವನ್ನೂ ಪಕ್ಕಪಕ್ಕ ಇಟ್ಟು ಕಳಿಸುತ್ತೇನೆ.

ಮಡಿಕೇರಿ, ಕುಶಾಲನಗರದಂಥ ಕಡೆ ಮನೆಗೆ ಫೈಬರ್ ಇದ್ದು, ಮಗುವಿಗೆ ತನ್ನದೇ ಫೋನ್ ಇದ್ದರೆ ಸಣ್ಣ ಬ್ಯಾಚಿನ ಲೈವ್ ಕ್ಲಾಸೇ ಮಾಡಿ. ತೋಟದ ಕಡೆಯ ಮಕ್ಕಳಿದ್ದರೆ ಮಳೆ ಮುಗಿಯುವ ತನಕ ವಾಟ್ಸ್‌ಆ್ಯಪ್. ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬದ ಹೊತ್ತಿಗೆ ವಾರಕ್ಕೊಂದು ಲೈವ್ ಸೇರಿಸಿ, ಅದೂ ರಾತ್ರಿ ಎಂಟರ ಮೇಲೆ, ಫೋನ್ ಮನೆಗೆ ಬಂದಾದ ಮೇಲೆ.